ಹುಲಿಯ ಮುಂದೆ ಎಷ್ಟು ಹೊತ್ತು?

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತಾರೆ, ಸಿನಿಮಾಕ್ಕೆ ಬರೆಯುತ್ತಾರೆ, ಸಂಗೀತ ಕಛೇರಿಗೂ ಬರೆಯುತ್ತಾರೆ. ವರ್ಷಕ್ಕೆ ಲಕ್ಷಗಟ್ಟಲೆ ಜನ ಮಕ್ಕಳು ಮರಿ ಕಟ್ಟಿಕೊಂಡು ಹೋಗಿಬರುವ ಮೃಗಾಲಯಕ್ಕೆ ಮಾತ್ರ ಯಾರೂ ವಿಮರ್ಶೆ ಬರೆದದ್ದನ್ನು ನಾನು ಕಂಡಿಲ್ಲ. "ಚೆನ್ನಾಗಿತ್ತು, ನಡೆದು ನಡೆದು ಕಾಲು ಬಿದ್ದುಹೋಯಿತು" ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಆದರೆ ಮೃಗಾಲಯವೂ ಮಕ್ಕಳಿಗೆ ಒಂದು ಪಾಠ ಹೇಳುತ್ತದಲ್ಲ. ತರಗತಿಯ ಪಾಠಕ್ಕಿಂತ ಅದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವಂಥದು. ಆ ಪಾಠ ಯಾವುದು ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಡವೇ?

ನಮಗೆಲ್ಲ ಗೊತ್ತಿರುವ ಮೈಸೂರಿನದನ್ನೇ ತೆಗೆದುಕೊಳ್ಳುತ್ತೇನೆ. ಹತ್ತನೇ ಚಾಮರಾಜ ಒಡೆಯರು 1892ರಲ್ಲಿ ಶುರುಮಾಡಿದ್ದು ಅದು. ಮೊದಲು ಅರಮನೆಯ ಮೃಗಾಲಯ ಎಂದೇ ಹೆಸರಿತ್ತು. ಅರಸರು ಪ್ರಾಣಿ ಸಾಕುತ್ತಿದ್ದುದು ವೈಭವಕ್ಕೆ. ದೂರದ ದೇಶದ ಪ್ರಾಣಿ ಇದ್ದಷ್ಟೂ ದೊಡ್ಡಸ್ತಿಕೆ. ಇದು ಮೈಸೂರಿನ ಮಾತಷ್ಟೇ ಅಲ್ಲ, ಆ ಕಾಲದಲ್ಲಿ ಲೋಕದ ಎಲ್ಲ ಅರಸರದೂ ಅದೇ ರೀತಿ. ಸ್ವಾತಂತ್ರ್ಯ ಬಂದ ಮೇಲೆ ಅದು ಸರ್ಕಾರದ ಕೈಗೆ ಬಂತು. ವನ್ಯಜೀವಿ ಸಂರಕ್ಷಣಾ ಕಾಯಿದೆ ಆದದ್ದು 1972ರಲ್ಲಿ. ದೇಶದ ಮೃಗಾಲಯಗಳನ್ನೆಲ್ಲ ನೋಡಿಕೊಳ್ಳುವ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದದ್ದು 1992ರಲ್ಲಿ. ಮೈಸೂರಿನದಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ ಎನ್ನಿ. ಅಲ್ಲಿಂದೀಚೆಗೆ ಮೃಗಾಲಯ ಇರುವುದು ತೋರಿಸುವುದಕ್ಕಲ್ಲ, ಉಳಿಸುವುದಕ್ಕೆ ಎಂಬ ಮಾತು ಕಾಗದದ ಮೇಲೆ ಗಟ್ಟಿಯಾಯಿತು. ಮೃಗಾಲಯ ಹೀಗೆ ಬದಲಾಗಿದೆ. ನೋಡಲು ಹೋಗುವ ನಾವು ಇನ್ನೂ ಅರಸರ ಕಾಲದಲ್ಲೇ ಇದ್ದೇವೆ. ನನ್ನ ತಕರಾರೆಲ್ಲ ಇಷ್ಟೇ.

ಬೇಸಿಗೆ ರಜೆಯಲ್ಲಿ ಮಗಳು, ಅಳಿಯಂದಿರು, ನಾಲ್ಕು ಮತ್ತು ಏಳು ವರ್ಷದ ಇಬ್ಬರು ಮೊಮ್ಮಕ್ಕಳ ಜೊತೆ ಹೋಗಿದ್ದೆ. ಹುಲಿಯ ಆವರಣದ ಎದುರಿನ ಕಟ್ಟೆಯ ಮೇಲೆ ಕೂತು, ಪರೀಕ್ಷೆಯ ಕೊಠಡಿಯಲ್ಲಿ ಗಡಿಯಾರ ನೋಡುವ ಅಭ್ಯಾಸ ನೋಡಿ, ಬಂದವರು ಎಷ್ಟು ಹೊತ್ತು ನಿಲ್ಲುತ್ತಾರೆಂದು ಲೆಕ್ಕ ಹಾಕಿದೆ. ಹುಲಿ ನೆರಳಿನಲ್ಲಿ ಮಲಗಿತ್ತು. ಸಂಸಾರಗಳು ಬಂದವು, ಫೋನು ಎತ್ತಿ ಫೋಟೋ ತೆಗೆದುಕೊಂಡವು, "ಏಯ್, ಎದ್ದೇಳೋ" ಎಂದು ಹುಲಿಗೆ ಕೂಗಿದವು, ಹೋದವು. ಎರಡು ನಿಮಿಷ ನಿಂತವರು ಅಪರೂಪ. ಅದು ಎದ್ದು ಗರ್ಜಿಸಲಿಲ್ಲವೆಂದು ಒಬ್ಬರು ಟಿಕೆಟ್ ದುಡ್ಡು ದಂಡ ಎಂದೂ ಹೇಳಿದರು. ಹಗಲು ಮಲಗುವುದು ಹುಲಿಯ ಜಾತಿಧರ್ಮ. ಅದು ನಮ್ಮ ಟಿಕೆಟ್ ನೋಡಿ ಎದ್ದೇಳಬೇಕೆಂದರೆ ಮೃಗಾಲಯಕ್ಕೂ ಸರ್ಕಸ್ಸಿಗೂ ಏನು ವ್ಯತ್ಯಾಸ? ಹುಲಿ, ಸಿಂಹ, ಕರಡಿಗಳನ್ನು ಸರ್ಕಸ್ಸಿನಲ್ಲಿ ಕುಣಿಸಬಾರದೆಂದು 1998ರಲ್ಲಿ ಸರ್ಕಾರ ಆಜ್ಞೆ ಮಾಡಿತು, 2001ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಡೇರೆ ಎತ್ತಿದರೂ ಡೇರೆಯ ಆಸೆ ನಮ್ಮಲ್ಲಿ ಉಳಿದಿದೆ.

ನನ್ನ ಚಿಕ್ಕ ಮೊಮ್ಮಗಳು ಮಾತ್ರ ಅಲ್ಲಿಂದ ಕದಲಲಿಲ್ಲ. "ಅಜ್ಜಿ, ಇದು ಪುಣ್ಯಕೋಟಿ ಹುಲೀನಾ?" ಎಂದಳು. ಅಲ್ಲ ಎಂದೆ. "ಹೌದು, ಅದು ಸತ್ತೋಯ್ತಲ್ಲಾ" ಎಂದು ತಾನೇ ಸಮಾಧಾನ ಮಾಡಿಕೊಂಡಳು. ಕನ್ನಡದ ಮಗುವಿಗೆ ಸಿಗುವ ಮೊದಲ ಹುಲಿಯೇ ಗೋವಿನ ಹಾಡಿನದು. ಆ ಹುಲಿ ಒಳ್ಳೆಯದಾಗಬೇಕಾದರೆ ಪ್ರಾಣ ಬಿಡಬೇಕಾಯಿತು. ಹಾಡು ದೊಡ್ಡದು, ಸತ್ಯವಾಕ್ಯದ ಬೆಲೆ ಹೇಳಲು ಅದಕ್ಕಿಂತ ಮಿಗಿಲಾದದ್ದು ನಮ್ಮಲ್ಲಿಲ್ಲ. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಅದರ ಬೆನ್ನಿಗೇ ನಾವು ಮಕ್ಕಳಿಗೆ "ಸಾಧು ಪ್ರಾಣಿ, ಕ್ರೂರ ಪ್ರಾಣಿ" ಎಂದು ಎರಡು ಕಾಲಂ ಹಾಕಿ ಪಟ್ಟಿ ಬರೆಸುತ್ತೇವೆ, ನೋಡಿ, ಅದಕ್ಕೆ ನನ್ನ ಆಕ್ಷೇಪ. ನರಿ ಮೋಸಗಾರ, ತೋಳ ದುಷ್ಟ, ಕತ್ತೆ ದಡ್ಡ. ಹೀಗೆ ತೀರ್ಪು ಮೊದಲೇ ಬರೆದುಕೊಂಡು ಬಂದ ಮಗು ತೋಳದ ಮುಂದೆ ನಿಂತು ನೋಡುವುದಾದರೂ ಏನನ್ನು? ಬಯಲುಸೀಮೆಯ ಕುರುಚಲಿನಲ್ಲಿ ಕುರಿಗಾಹಿಗಳ ಜೊತೆಜೊತೆಗೇ ಬದುಕುತ್ತಾ ಬಂದ ಪ್ರಾಣಿ ಅದು. ಅದರ ಆವರಣದ ಎದುರು ಅವತ್ತು ಜನವೇ ಇರಲಿಲ್ಲ. ಜಿರಾಫೆಯ ಎದುರು ಜಾತ್ರೆ.

ಸಿಂಗಳೀಕದ ಕಥೆಯೂ ಅಷ್ಟೇ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಈ ಲೋಕದ ಯಾವ ಕಾಡಿನಲ್ಲೂ ಇಲ್ಲದ ಕೋತಿ ಅದು. ನಮ್ಮ ಉತ್ತರ ಕನ್ನಡದ ಅಘನಾಶಿನಿ ಕಣಿವೆಯಲ್ಲಿ ಅದಕ್ಕೆಂದೇ 2011ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. "ಕೋತಿ ತಾನೇ, ಬೆಟ್ಟದ ಮೇಲೆ ಬೇಕಾದಷ್ಟಿವೆ, ನಡೀರಿ" ಎಂದು ಒಬ್ಬ ತಂದೆ ಮಕ್ಕಳನ್ನು ದಬ್ಬಿಕೊಂಡು ಹೋದರು.

ಗೊರಿಲ್ಲಾ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪೋಲೋ ಎಂಬ ಗೊರಿಲ್ಲಾ ಮೈಸೂರಿನಲ್ಲಿ ಇದ್ದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಐರ್ಲೆಂಡಿನ ಡಬ್ಲಿನ್‌ನಿಂದ ಬಂದದ್ದು. 2014ರಲ್ಲಿ ತೀರಿಕೊಂಡಾಗ ಇಡೀ ಭಾರತದಲ್ಲಿ ಅದೊಂದೇ ಗೊರಿಲ್ಲಾ. ಗೊರಿಲ್ಲಾ ಗುಂಪಿನಲ್ಲಿ, ಸಂಸಾರದಲ್ಲಿ ಬಾಳುವ ಪ್ರಾಣಿ. ತನ್ನ ಜಾತಿಯ ಇನ್ನೊಂದು ಮುಖ ಕಾಣದೆ ವರ್ಷಗಟ್ಟಲೆ ಕೂತಿದ್ದ ಆ ಮುದುಕನನ್ನು ನೋಡಿ ನಾವು ಸಂತೋಷಪಟ್ಟು ಬರುತ್ತಿದ್ದೆವು! 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬ ಎಂಬ ಎರಡು ಬಂದವು. ಒಂಟಿತನ ತಪ್ಪಿತು, ಒಳ್ಳೆಯದೇ. ಆದರೆ ಎರಡೂ ಗಂಡು. ಅಂದಮೇಲೆ ಇದನ್ನು ವಂಶ ಉಳಿಸುವ ಕೆಲಸ ಎಂದು ಕರೆಯುವುದು ಕಷ್ಟ. ಯೂರೋಪಿನ ಮೃಗಾಲಯಗಳಲ್ಲಿ ಹೆಚ್ಚಾದ ಗಂಡುಗಳಿಗೂ ಒಂದು ನೆಲೆ ಬೇಕು ಎಂಬ ವಾದವಿದೆ, ಅದು ನ್ಯಾಯವಾದದ್ದೇ. ಆದರೂ ಆಫ್ರಿಕದ ಗೊರಿಲ್ಲಾ ಮೈಸೂರಿನಲ್ಲಿ ಇರುವುದು ಯಾರಿಗಾಗಿ ಎಂದು ಏಳು ವರ್ಷದ ಹುಡುಗ ಕೇಳಿದರೆ, ಪ್ರಾಮಾಣಿಕವಾಗಿ "ನಮಗಾಗಿ ಕಣೋ" ಎನ್ನಬೇಕಾಗುತ್ತದೆ.

ಇದಕ್ಕೆ ಎದುರಾಗಿ ನಿಜವಾಗಿ ಉಳಿಸುವ ಕೆಲಸ ಹೇಗಿರುತ್ತದೆ? ಅಸ್ಸಾಮಿನ ಹುಲ್ಲುಗಾವಲಿನಲ್ಲಿ ಕುಳ್ಳ ಕಾಡುಹಂದಿ ಎಂಬುದೊಂದಿದೆ, ಮೊಣಕಾಲಿನೆತ್ತರವೂ ಇಲ್ಲ. 1996ರಲ್ಲಿ ಮಾನಸ್ ಕಾಡಿನಿಂದ ಆರು ಹಂದಿಗಳನ್ನು ಹಿಡಿದು ತಂದು ಸಾಕಿ, ಸಂತಾನ ಬೆಳೆಸಿ, 2008ರಿಂದ ಮತ್ತೆ ಹುಲ್ಲುಗಾವಲಿಗೆ ಬಿಡುತ್ತಾ ಬಂದರು. ಇದರಲ್ಲಿ ಕೈಜೋಡಿಸಿದ ಸಂಸ್ಥೆ ಜೆರಾಲ್ಡ್ ಡರೆಲ್ ಅವರದು. 1959ರಲ್ಲಿ ಜರ್ಸಿ ದ್ವೀಪದಲ್ಲಿ ಮೃಗಾಲಯ ತೆರೆದು, ಅಳಿದುಹೋದ ಡೋಡೋ ಹಕ್ಕಿಯನ್ನು ಅದರ ಗುರುತಾಗಿಸಿಕೊಂಡವರು ಅವರು. ಜನ ಮುಗಿಬೀಳುವ ಪ್ರಾಣಿ ಬೇಡ, ಉಳಿಸಬೇಕಾದ ಪ್ರಾಣಿ ಬೇಕು ಎಂಬುದು ಅವರ ಹಟ. ಹಂದಿ ನೋಡಲು ಯಾರು ಟಿಕೆಟ್ ತೆಗೆದುಕೊಳ್ಳುತ್ತಾರೆ ಹೇಳಿ?

ಮೈಸೂರಿನಲ್ಲೂ ಅಂಥ ಕೆಲಸ ನಡೆಯುತ್ತಿದೆ. ನಗರದ ಹೊರಗೆ ಕೂರ್ಗಳ್ಳಿಯಲ್ಲಿ ಅದರದೇ ರಕ್ಷಣಾ ಕೇಂದ್ರವಿದೆ. ಊರಿಗೆ ನುಗ್ಗಿ ಸೆರೆಯಾದ ಹುಲಿ ಚಿರತೆಗಳು ಅಲ್ಲಿವೆ. ಕಾಟಿಗಳ ಸಂತಾನ ಬೆಳೆಸುವ ಕೆಲಸವೂ ಅಲ್ಲೇ. ಅಲ್ಲಿಗೆ ಜನರನ್ನು ಬಿಡುವುದಿಲ್ಲ, ಬಿಡಬಾರದು ಕೂಡ. ಆದರೆ ಆ ಕೇಂದ್ರವೂ ನಡೆಯಬೇಕಾದರೆ ನಮ್ಮ ಜಾತ್ರೆಯ ದುಡ್ಡೇ ಬೇಕು. ಈ ಮೃಗಾಲಯ ಮುಖ್ಯವಾಗಿ ನಿಂತಿರುವುದು ಟಿಕೆಟ್ಟಿನ ಆದಾಯದ ಮೇಲೆ. 2020ರಲ್ಲಿ ಕೊರೋನಾ ಬಂದು ಬಾಗಿಲು ಹಾಕಿದಾಗ ಪ್ರಾಣಿಗಳ ಮೇವಿಗೂ ಸಂಬಳಕ್ಕೂ ದಾನ ಕೇಳಬೇಕಾಯಿತು. ಜನ ದತ್ತು ಯೋಜನೆಯಲ್ಲಿ ಹಣ ಕಟ್ಟಿದರು. ಆದ್ದರಿಂದ ಜಿರಾಫೆಯನ್ನು ಬೈಯುವುದೂ ಸುಲಭವಲ್ಲ. ಜಿರಾಫೆ ದುಡಿಯುತ್ತದೆ, ಕಾಟಿ ಉಣ್ಣುತ್ತದೆ. ಮನೆಯಲ್ಲಿ ದೊಡ್ಡ ಮಗ ದುಡಿದು ಚಿಕ್ಕವನನ್ನು ಓದಿಸಿದ ಹಾಗೆ.

ಇನ್ನು ಹೆಂಗಸರ ಮಾತು. ಮೃಗಾಲಯಕ್ಕೆ ಹೋಗಿಬಂದ ಎಷ್ಟು ಜನ ತಾಯಂದಿರು ನಿಜವಾಗಿ ಮೃಗಾಲಯ ನೋಡಿದ್ದಾರೆ? ಬೆಳಗ್ಗೆ ನಾಲ್ಕಕ್ಕೆದ್ದು ಪುಳಿಯೋಗರೆ ಕಲಸಿ, ಮೊಸರನ್ನದ ಡಬ್ಬಿ ಕಟ್ಟಿ, ನೀರಿನ ಬಾಟಲು, ಟವೆಲು, ಚಿಕ್ಕದಕ್ಕೆ ಇನ್ನೊಂದು ಜೊತೆ ಬಟ್ಟೆ ಹೊತ್ತು ಬಂದವಳ ಕಣ್ಣೆಲ್ಲ ಮಗುವಿನ ಚಪ್ಪಲಿಯ ಮೇಲೆ. ನನ್ನ ಮಗಳು ಎಂಎಸ್ಸಿ ಪ್ರಾಣಿಶಾಸ್ತ್ರ ಓದಿದವಳು. ಅವತ್ತು ಮಕ್ಕಳಿಗೆ ಹೇಳಲು ಅವಳಲ್ಲಿ ಇದ್ದಷ್ಟು ವಿಷಯ ಅಲ್ಲಿ ಇನ್ಯಾರಲ್ಲೂ ಇರಲಿಲ್ಲ. ಅವಳು ಚೀಲ ಕಾಯುತ್ತಿದ್ದಳು. ಊಟವಾದ ಮೇಲೆ ಚೀಲವನ್ನು ಅಳಿಯಂದಿರ ಹೆಗಲಿಗೆ ನಾನೇ ಹಾಕಿದೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಪಾಪ, ಇದುವರೆಗೆ ಯಾರೂ ಹೇಳಿರಲಿಲ್ಲ ಅಷ್ಟೆ. ಆಮೇಲೆ ಅವಳು ಸೀಳುನಾಯಿಗಳ ಎದುರು ಮಕ್ಕಳನ್ನು ಕೂರಿಸಿಕೊಂಡು, ಬೇಟೆಯಾಡಿ ಬಂದವು ಮನೆಯಲ್ಲಿದ್ದ ಮರಿಗಳಿಗೆ ಹೇಗೆ ಉಣಿಸುತ್ತವೆ ಎಂದು ಅರ್ಧ ಗಂಟೆ ಹೇಳಿದಳು. ಅಕ್ಕಪಕ್ಕದ ನಾಲ್ಕಾರು ಮಕ್ಕಳೂ ಬಂದು ಕೂತವು. ಹುಲಿಗೆ ಎರಡು ನಿಮಿಷ ಕೊಡದ ಜನವೇ ಇವರು!

ಶಾಲಾ ಪ್ರವಾಸಗಳೂ ಇದನ್ನು ಗಮನಿಸಬೇಕು. ಒಂದೇ ದಿನದಲ್ಲಿ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಸಂಜೆಗೆ ಬೃಂದಾವನ. ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ಓಡುತ್ತವೆ. ಮೇಷ್ಟರು ತಲೆ ಎಣಿಸುವುದರಲ್ಲೇ ಸುಸ್ತು. ಬೆಟ್ಟ, ಬೃಂದಾವನ ಇನ್ನೊಂದು ವರ್ಷಕ್ಕಿರಲಿ. ಮೃಗಾಲಯಕ್ಕೆ ಮಂಗಳವಾರ ರಜೆ. ಉಳಿದ ವಾರದ ದಿನಗಳಲ್ಲಿ, ದಸರಾ ಮತ್ತು ಕ್ರಿಸ್ಮಸ್ ರಜೆಯ ಗದ್ದಲ ಬಿಟ್ಟು, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಬಿಸಿಲೇರುವ ಮೊದಲು ಪ್ರಾಣಿಗಳು ಓಡಾಡುತ್ತಿರುತ್ತವೆ. ಎಲ್ಲವನ್ನೂ ತೋರಿಸುವ ಹಂಬಲ ಬಿಟ್ಟು ನಮ್ಮ ಕಾಡಿನ ಮೂರೇ ಪ್ರಾಣಿ ಆರಿಸಿಕೊಂಡು, ಒಂದೊಂದರ ಎದುರೂ ಇಪ್ಪತ್ತು ನಿಮಿಷ ಕೂರಿಸಿ. ಕೈಯಲ್ಲಿ ಕಾಗದ ಪೆನ್ಸಿಲ್ ಇರಲಿ. ಜಿರಾಫೆಯನ್ನು ಕೊನೆಗೆ ಇಟ್ಟುಕೊಳ್ಳಿ, ಅದನ್ನು ತಪ್ಪಿಸಿದರೆ ಮಕ್ಕಳು ವಾಪಸು ಬಸ್ಸು ಹತ್ತುವುದಿಲ್ಲ.