ಬೆನ್ನ ಹಿಂದಿನ ಗೋಡೆ

ಮನೇಲೇ ಬೋಯಿಂಗ್ 737ರ ಕಾಕ್‌ಪಿಟ್ ಕಟ್ಟಿಕೊಂಡು ಸಿಮ್ಯುಲೇಟರ್ ಹಾರಿಸುವವರ ಫೋಟೋ ನೋಡ್ತಾ ಹೋದರೆ ಒಂದು ವಿಚಿತ್ರ ಕಾಣುತ್ತೆ. ಥ್ರಾಟಲ್, ಡಿಸ್‌ಪ್ಲೇ, ತಲೆ ಮೇಲಿನ ಪ್ಯಾನೆಲ್ ಎಲ್ಲಾ ಮುಗಿದ ಮೇಲೆ ಶುರುವಾಗೋದು ಹಿಂದಿನ ಗೋಡೆ. ಹಾರಿಸುವಾಗ ಯಾರೂ ತಿರುಗಿ ನೋಡದ ಗೋಡೆ!

ನಿಜವಾದ ವಿಮಾನದಲ್ಲಿ ಕ್ಯಾಪ್ಟನ್ ಹಿಂದೆ ಪಿ18, ಫಸ್ಟ್ ಆಫೀಸರ್ ಹಿಂದೆ ಪಿ6 ಪ್ಯಾನೆಲ್. ಎರಡರಲ್ಲೂ ಸಾಲುಸಾಲು ಸರ್ಕ್ಯೂಟ್ ಬ್ರೇಕರ್‌ಗಳು. ಹಾರಾಟದಲ್ಲಿ ಟ್ರಿಪ್ ಆದ ಬ್ರೇಕರನ್ನು ಪೈಲಟ್‌ಗಳೇ ಸುಮ್ಮಸುಮ್ಮನೆ ಒಳಗೊತ್ತುವಂತಿಲ್ಲ. ಹಾಗಿರುವಾಗ ನೂರಾರು ಸುಳ್ಳು ಗುಂಡಿಗಳನ್ನು ತ್ರೀಡಿ ಪ್ರಿಂಟ್ ಮಾಡಿ ಒಂದೊಂದಾಗಿ ಅಂಟಿಸೋದು ಯಾರಿಗಾಗಿ? ಕ್ಯಾಮೆರಾಗಾಗಿ, ಅಷ್ಟೇ. ಪ್ಯಾನೆಲ್ಲಿನ ಫೋಟೋವನ್ನು ವಿನೈಲ್ ಮೇಲೆ ಪ್ರಿಂಟ್ ಹಾಕಿಸಿ ಎಂಡಿಎಫ್‌ಗೆ ಅಂಟಿಸಿದರೂ ನಡೆಯುತ್ತೆ.

ಹಾಗಂತ ಗೋಡೇನೇ ಬೇಡ ಅನ್ನೋರ ಕಡೆಗೂ ನಾನಿಲ್ಲ. ರಾತ್ರಿ ಲ್ಯಾಂಡಿಂಗ್‌ಗೆ ಇಳೀತಿರುವಾಗ ಹಾಲ್‌ನ ಟ್ಯೂಬ್‌ಲೈಟು ಸ್ಕ್ರೀನಿನಲ್ಲಿ ಹೊಳೆದರೆ ಮುಗೀತು, ನೀವು ಮತ್ತೆ ಮನೆಯಲ್ಲೇ. ಬೂದು ಬಣ್ಣ ಬಳಿದ ಬರೀ ಪ್ಲೈವುಡ್ ಕೂಡ ಆ ಬೆಳಕನ್ನು ತಡೆಯುತ್ತೆ. ಆದರೆ ಗಾಳಿಯನ್ನೂ ತಡೆಯುತ್ತೆ! ಕಂಪ್ಯೂಟರು, ಮಾನಿಟರುಗಳ ಬಿಸಿ ಒಳಗೇ ಉಳಿದು, ಕೂತವರು ಬೆವೆತು ಹೋಗ್ತಾರೆ. ಬ್ರೇಕರ್ ಅಂಟಿಸುವ ಮೊದಲು ಎಕ್ಸಾಸ್ಟ್ ಫ್ಯಾನಿಗೆ ಜಾಗ ಕೊರೆಯಿರಿ.

ಇನ್ನು ಬಾಗಿಲು. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನಗಳಲ್ಲಿ ಅದು ಗುಂಡು ತಡೆಯುವಷ್ಟು ಗಟ್ಟಿಯಾಯ್ತು, ಒಳಗಿನಿಂದ ಬೀಗ ಬಿತ್ತು. ಅದನ್ನು ಮಾತ್ರ ನಕಲು ಮಾಡಬೇಡಿ. ಚಿಲಕವಿಲ್ಲದ ಹಗುರ ಬಾಗಿಲಿದ್ದರೆ ಊಟಕ್ಕೆ ಕರೆಯೋಕೆ ಬಂದ ಮಗು ಹಿಂದಿನ ಜಂಪ್‌ಸೀಟಿನಲ್ಲಿ ಕೂತುಬಿಡಬಹುದು.