ಒಂದೇ ಕಪಾಟಿನ ಮುಂದೆ

ವಚನ ಸಾಹಿತ್ಯದ ಮೇಲಿನ ಮಹಾಪ್ರಬಂಧ ಕೈಗೆ ಬಂದರೆ ನಾನು ಮೊದಲು ತಿರುವಿ ಹಾಕುವುದು ಕೊನೆಯ ಪುಟಗಳನ್ನು. ಸಂಶೋಧಕರು ಗ್ರಂಥಾಲಯದಲ್ಲಿ ಎಲ್ಲೆಲ್ಲಿ ಓಡಾಡಿದ್ದಾರೆ ಎಂಬುದನ್ನು ಗ್ರಂಥಋಣವೇ ಹೇಳಿಬಿಡುತ್ತದೆ. ಬಹಳ ಸಲ ಅವರು ಒಂದೇ ಕಪಾಟಿನ ಮುಂದೆ ನಿಂತು ಹಿಂತಿರುಗಿರುತ್ತಾರೆ.

ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ವಚನ ಸಂಪುಟಗಳು ಅಲ್ಲಿ ಸಿಗುತ್ತವೆ. ಶರಣರ ಧರ್ಮವಿಚಾರದ ಪುಸ್ತಕ ಬೇಕೆಂದರೆ 294.5ರ ಆಸುಪಾಸಿಗೆ ಹೋಗಬೇಕು, ಕಲ್ಯಾಣದ ಕಲಚುರಿಗಳ ಚರಿತ್ರೆಗೆ 954.87. ಹನ್ನೆರಡನೆಯ ಶತಮಾನದಲ್ಲಿ ಒಂದೇ ಬದುಕಾಗಿದ್ದದ್ದು ಇಲ್ಲಿ ಮೂರು ಪಾಲಾಗಿದೆ. ಇದು ಗ್ರಂಥಪಾಲಕರ ತಪ್ಪಲ್ಲ. ಒಂದು ಪ್ರತಿಯನ್ನು ಒಂದೇ ಕಡೆ ಇಡಲು ಸಾಧ್ಯ. ಪಾಲಾದದ್ದನ್ನು ಕೂಡಿಸಬೇಕಾದವನು ಸಂಶೋಧಕ. ಆ ಕೂಡಿಸುವ ಕೆಲಸವೇ ನಡೆಯುತ್ತಿಲ್ಲ. ಬಸವಣ್ಣನವರ ಚಾರಿತ್ರಿಕತೆಯ ಬಗ್ಗೆ ಇಡೀ ಅಧ್ಯಾಯ ಬರೆದವರು, ಅವರ ಹೆಸರು ಬರುವ 1260ರ ಅರ್ಜುನವಾಡ ಶಾಸನದ ಪಾಠವನ್ನು ನೋಡಿರುವುದಿಲ್ಲ. ಅದು ಅಚ್ಚಾಗಿರುವುದು ಎಪಿಗ್ರಾಫಿಯಾ ಇಂಡಿಕಾದಲ್ಲಿ. ಸಾಹಿತ್ಯದ ಸಾಲಿನಲ್ಲಿ ಎಷ್ಟು ಹುಡುಕಿದರೂ ಅದು ಕೈಗೆ ಸಿಗದು.

ಹಳೆಯ ಪತ್ರಿಕೆಗಳ ಗತಿ ಇನ್ನೂ ಕಷ್ಟದ್ದು. ಫ.ಗು. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ ಆರಂಭಿಸಿ ತಾಳೆಗರಿಗಳಿಂದ ಹೊರತೆಗೆದದ್ದನ್ನು ಅದರಲ್ಲಿ ಪ್ರಕಟಿಸಿದರು. ಆ ಸಂಚಿಕೆಗಳನ್ನು ಒಟ್ಟಿಗೆ ಹೊಲಿದು ದಪ್ಪ ರಟ್ಟು ಹಾಕಿಟ್ಟರೆ ಕ್ಯಾಟಲಾಗಿನಲ್ಲಿ ಕಾಣುವುದು ಪತ್ರಿಕೆಯ ಹೆಸರು ಮಾತ್ರ. ಒಳಗಿನ ಲೇಖನಗಳ ಹೆಸರಿಲ್ಲ. ಪುಟ ಪುಟ ತಿರುವದೆ ಬೇರೆ ದಾರಿಯಿಲ್ಲ. ಎರಡು ದಿನ ಧೂಳು ಕುಡಿದು ಕೂತವರಿಗೆ ಸಿಗುವಂಥದ್ದು ಕಂಪ್ಯೂಟರಿನಲ್ಲಿ ಎರಡು ನಿಮಿಷ ಹುಡುಕಿದವರಿಗೆ ಸಿಗುವುದಿಲ್ಲ ಎಂದು ನಾನು ನಂಬಿದ್ದೇನೆ, ಅನುಭವದಿಂದಲೇ.

ಕಂಪ್ಯೂಟರನ್ನು ದೂರುತ್ತಿಲ್ಲ, ಅದನ್ನು ಕೇಳುವ ಬಗೆ ತಿಳಿದಿರಬೇಕು. ಅಮೆರಿಕದ ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕಗಳ ದೊಡ್ಡ ಸಂಗ್ರಹಗಳಿವೆ. ಅಲ್ಲಿನ ರೋಮನ್ ಲಿಪ್ಯಂತರದಲ್ಲಿ ‘ವಚನ’ದ ಚಕಾರಕ್ಕೆ ‘ಸಿ’ ಒಂದೇ ಅಕ್ಷರ. ನಾವು ‘ಸಿ’ ಜೊತೆಗೆ ‘ಎಚ್’ ಸೇರಿಸಿ ಹುಡುಕಿ, ಏನೂ ಇಲ್ಲವೆಂದು ಎದ್ದುಬಿಡುತ್ತೇವೆ. ಬಸವ, ಬಸವಣ್ಣ, ಬಸವೇಶ್ವರ ಎಂದು ಮೂರು ಸಲ ಹುಡುಕುವ ತಾಳ್ಮೆಯನ್ನು ಯಾವ ಕೋರ್ಸ್‌ವರ್ಕಿನಲ್ಲೂ ಕಲಿಸಿದ್ದನ್ನು ನಾನು ಕಂಡಿಲ್ಲ.

ಈಗ ಶೋಧಗಂಗಾ ಇದೆ. ದೂರದ ಊರಿನ ವಿದ್ಯಾರ್ಥಿಗೂ ಹಿಂದಿನವರ ಪ್ರಬಂಧ ಪುಕ್ಕಟೆಯಾಗಿ ಸಿಗುವುದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಅಲ್ಲಿಂದ ಗ್ರಂಥಋಣವನ್ನೇ ಎತ್ತಿ ತಂದರೆ, ಮೊದಲಿಗರು ತಪ್ಪಾಗಿ ಬರೆದ ಮುದ್ರಣದ ವರ್ಷವೂ ಜೊತೆಗೇ ಬರುತ್ತದೆ. ಒಮ್ಮೆ ಮೂರು ಪ್ರಬಂಧಗಳಲ್ಲಿ ಅದೇ ತಪ್ಪು ವರ್ಷ ಕಂಡಾಗ ನಾನು ಎದ್ದು ಹೋಗಿ ಮೂಲಪ್ರತಿ ತೆಗೆಸಿದೆ. ಸರಿಯಾದ ವರ್ಷ ಶೀರ್ಷಿಕೆಯ ಪುಟದ ಹಿಂಬದಿಯಲ್ಲೇ ಇತ್ತು.