ಹಾಫಿಜ್‌ಜಿಗೆ ಸಂಬಳ ಎಷ್ಟು?

ಕೆಲವು ವರ್ಷಗಳ ಹಿಂದೆ ನಾವೊಂದು ಕಥೆ ಬರೆದಿದ್ದೆವು. ಅದರಲ್ಲಿ ದರ್ಗಾದ ಬಾಗಿಲ ಬಳಿ ಕೂರುವ ಒಬ್ಬ ಅಂಧ ಹಾಫಿಜ್‌ಜಿ ಇದ್ದರು. ಉರೂಸಿನ ಲೆಕ್ಕಪತ್ರಕ್ಕಾಗಿ ಊರ ಹಿರಿಯರೆಲ್ಲ ಕಿತ್ತಾಡುತ್ತಿದ್ದರೆ, ಕಣ್ಣಿಲ್ಲದ ಅವರೊಬ್ಬರಿಗೇ ಸತ್ಯ ಕಾಣುತ್ತಿತ್ತು. ಕಥೆಯನ್ನು ಹಲವರು ಮೆಚ್ಚಿದರು. ‘ಒಳಗಣ್ಣಿನ ಕಥೆ’ ಎಂದು ಒಬ್ಬರು ಬರೆದಾಗ ನಾವು ಒಳಗೊಳಗೇ ಹಿಗ್ಗಿದ್ದೂ ನಿಜ.

ಜಿಲ್ಲಾ ಕೇಂದ್ರವೊಂದರ ಕಥಾಗೋಷ್ಠಿಯಲ್ಲಿ ಅದನ್ನು ಓದಿ ಮುಗಿಸಿದಾಗ ಹಿಂದಿನ ಸಾಲಿನಿಂದ ತರುಣರೊಬ್ಬರು ಎದ್ದು ನಿಂತರು. ಕೈಯಲ್ಲಿ ಬಿಳಿ ಕೋಲು. “ಸಾರ್, ಕಥೆ ಚೆನ್ನಾಗಿದೆ. ಒಂದೇ ಒಂದು ಪ್ರಶ್ನೆ. ನಿಮ್ಮ ಹಾಫಿಜ್‌ಜಿಗೆ ಸಂಬಳ ಎಷ್ಟು?” ಎಂದರು. ಸಭೆ ನಕ್ಕಿತು. ನಾವೂ ನಕ್ಕೆವು. ಅವರು ನಗಲಿಲ್ಲ.

ಚಹಾದ ಹೊತ್ತಿಗೆ ನಾವೇ ಅವರನ್ನು ಹುಡುಕಿಕೊಂಡು ಹೋದೆವು. ಅವರು ಬ್ಯಾಂಕೊಂದರಲ್ಲಿ ಗುಮಾಸ್ತರು, ಮೀಸಲಾತಿಯಲ್ಲಿ ಸಿಕ್ಕ ನೌಕರಿ. ಸೇರಿದ ಮೊದಲ ವರ್ಷ ಅವರಿಗೆ ಕುರ್ಚಿ ಕೊಟ್ಟಿದ್ದರಂತೆ, ತಿಂಗಳು ತಿಂಗಳು ಸಂಬಳವನ್ನೂ ಕೊಟ್ಟಿದ್ದರಂತೆ, ಕೆಲಸವನ್ನು ಮಾತ್ರ ಕೊಟ್ಟಿರಲಿಲ್ಲವಂತೆ. “ನೀವ್ಯಾಕೆ ತೊಂದರೆ ತಗೋತೀರಿ, ಆರಾಮಾಗಿ ಕೂತಿರಿ ಅಂತಿದ್ರು ಸಾರ್. ಬಹಳ ಒಳ್ಳೆಯವರು. ಆ ಒಳ್ಳೆಯತನದಲ್ಲಿ ನಾನು ಸತ್ತೇಹೋಗಿದ್ದೆ” ಎಂದರು. ನಮ್ಮ ಹಾಫಿಜ್‌ಜಿಯ ಕಥೆಯೂ ಅಷ್ಟೇ ಅಲ್ಲವೇ? ನಾವು ಅವರಿಗೆ ಜ್ಞಾನ ಕೊಟ್ಟೆವು, ಗೌರವ ಕೊಟ್ಟೆವು, ಕೊನೆಯ ಮಾತನ್ನೂ ಕೊಟ್ಟೆವು. ಬೆಳಿಗ್ಗೆ ಎದ್ದು ಹೋಗಲು ಒಂದು ಕೆಲಸ ಕೊಡಲಿಲ್ಲ.

ಅಂದಿನಿಂದ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ನಾವು ಕಣ್ಣೀರಿಟ್ಟು ನೋಡಿದ, ಮಕ್ಕಳಿಗೂ ತೋರಿಸಿದ ಹಿಂದಿ ಚಿತ್ರಗಳನ್ನು ಅದೇ ಪ್ರಶ್ನೆಯಿಟ್ಟುಕೊಂಡು ಮತ್ತೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1964ರಲ್ಲಿ ಬಂದ ‘ದೋಸ್ತಿ’ಯಿಂದಲೇ ಆರಂಭಿಸೋಣ. ಸತ್ಯೇನ್ ಬೋಸ್ ನಿರ್ದೇಶಿಸಿದ ಈ ಚಿತ್ರದಲ್ಲಿ ಕಾಲು ಊನವಾದ ರಾಮು, ಕಣ್ಣಿಲ್ಲದ ಮೋಹನ್ ಇಬ್ಬರೂ ಗೆಳೆಯರು. ರಾಮುವಿನ ಓದಿಗಾಗಿ ಮೋಹನ್ ಬೀದಿಯಲ್ಲಿ ಹಾಡಿ ಹಣ ಕೂಡಿಸುತ್ತಾನೆ. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಸಂಗೀತ, ರಫಿ ಸಾಹೇಬರ ಕಂಠ, ಕರಗದವರು ಯಾರು? ಆದರೆ ಮೋಹನ್ ತಾನು ಏನು ಓದಬೇಕು, ಮುಂದೆ ಏನಾಗಬೇಕು ಎಂಬ ಪ್ರಶ್ನೆ ಚಿತ್ರದಲ್ಲಿ ಏಳುವುದೇ ಇಲ್ಲ. ಕುಂಟನಿಗೆ ಶಾಲೆಯಿದೆ, ಕುರುಡನಿಗೆ ಬೀದಿ. ಅವನ ಹಾಡು ದುಡಿಮೆಯಾಗಿ ಕಾಣದೆ ತ್ಯಾಗವಾಗಿ ಕಾಣುವಂತೆ ಚಿತ್ರವನ್ನು ಕಟ್ಟಲಾಗಿದೆ. ತ್ಯಾಗಕ್ಕೆ ಸಂಬಳ ಕೇಳುವವರುಂಟೇ?

1972ರ ‘ಕೋಶಿಶ್’ ಇದಕ್ಕಿಂತ ಬಹಳ ಮುಂದೆ ಹೋದ ಚಿತ್ರ. ಉರ್ದುವಿನಲ್ಲಿ ಕೋಶಿಶ್ ಎಂದರೆ ಪ್ರಯತ್ನ. ಗುಲ್ಜಾರ್ ಹೆಸರಿನಲ್ಲೇ ದುಡಿಮೆಯನ್ನು ಇಟ್ಟಿದ್ದಾರೆ. ಸಂಜೀವ್ ಕುಮಾರ್ ಮತ್ತು ಜಯಾ ಭಾದುರಿ ಅಭಿನಯಿಸಿದ ಕಿವುಡ-ಮೂಕ ದಂಪತಿ ಯಾರ ಕರುಣೆಗೂ ಕೈಯೊಡ್ಡದೆ ದುಡಿದು ಸಂಸಾರ ಕಟ್ಟುತ್ತಾರೆ. ಹರಿಯ ಕೆಲಸವನ್ನು ಮೆಚ್ಚುವ ಮಾಲೀಕನೂ ಇದ್ದಾನೆ. ಇಷ್ಟರಮಟ್ಟಿಗೆ ನಮ್ಮ ಬ್ಯಾಂಕ್ ಗೆಳೆಯರ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ. ಆದರೆ ಆ ಮಾಲೀಕನ ಮಗಳೂ ಕಿವುಡಿ. ಅವಳನ್ನು ಹರಿಯ ಮಗನಿಗೆ ಮದುವೆ ಮಾಡಿಕೊಡುವ ಪ್ರಸ್ತಾಪ ಬರುತ್ತದೆ, ಮಗ ಒಲ್ಲೆ ಎನ್ನುತ್ತಾನೆ, ತಂದೆ ನೊಂದು ಕನಲುತ್ತಾನೆ. ಚಿತ್ರದ ಅತ್ಯಂತ ತೀವ್ರವಾದ ಘಟ್ಟವಿದು. ಕಿವುಡನಾದ ಹರಿಗೆ ಕೆಲಸ ಕೊಟ್ಟು ಮೆಚ್ಚಿದ ಅದೇ ಮನುಷ್ಯನಿಗೆ, ತನ್ನ ಕಿವುಡ ಮಗಳೂ ಕೆಲಸಕ್ಕೆ ಬರಬಹುದೆಂದು ತೋರುವುದಿಲ್ಲ. ಗಂಡಿಗಾದರೆ ನೌಕರಿ, ಹೆಣ್ಣಿಗಾದರೆ ವರ. ಗುಲ್ಜಾರರಂತಹ ಸೂಕ್ಷ್ಮ ಮನಸ್ಸಿಗೂ ಈ ಬಾಗಿಲು ಕಾಣಲಿಲ್ಲ.

ಇದು ಸಿನಿಮಾದ ಮಾತಷ್ಟೇ ಅಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿದ್ದ ಅಂಗವಿಕಲರ ಸಂಖ್ಯೆ 2.68 ಕೋಟಿ. ಎಲ್ಲ ವಯಸ್ಸಿನವರನ್ನೂ ಸೇರಿಸಿ ಲೆಕ್ಕ ಹಾಕಿದರೆ ಅವರಲ್ಲಿ ದುಡಿಯುವವರು ನೂರಕ್ಕೆ 36. ಗಂಡಸರಲ್ಲಿ ನೂರಕ್ಕೆ 47, ಹೆಂಗಸರಲ್ಲಿ ನೂರಕ್ಕೆ 23. ಮಾಲೀಕನ ಮಗಳು ಮನೆಯಲ್ಲೇ ಉಳಿದಿದ್ದಾಳೆ ಎಂಬುದನ್ನು ಅಂಕಿಗಳು ಹೇಳುವ ಬಗೆಯಿದು.

1980ರ ‘ಸ್ಪರ್ಶ್’ ಚಿತ್ರದಲ್ಲಿ ಸಾಯಿ ಪರಾಂಜಪೆ ಅಂಧರ ಶಾಲೆಯೊಂದರ ಅಂಧ ಪ್ರಾಂಶುಪಾಲನನ್ನು ನಾಯಕನಾಗಿಸಿದರು. ನಸೀರುದ್ದೀನ್ ಶಾ ಅಭಿನಯಿಸಿದ ಅನಿರುದ್ಧ್ ಕೆಲಸ ಮಾಡುತ್ತಾನೆ. ಕಚೇರಿ ನಡೆಸುತ್ತಾನೆ, ಸಿಡುಕುತ್ತಾನೆ, ಅಪ್ಪಣೆ ಕೊಡುತ್ತಾನೆ, ತಪ್ಪನ್ನೂ ಮಾಡುತ್ತಾನೆ. ಅವನಿಗೆ ಸಹಾಯ ಬೇಡವೆಂದಲ್ಲ, ‘ಬೇಚಾರಾ’ ಎನಿಸಿಕೊಳ್ಳುವುದು ಬೇಡ. ಈ ಪದದ ಬಗ್ಗೆ ಒಂದು ಮಾತು ಹೇಳಬೇಕು. ಫಾರಸಿಯಲ್ಲಿ ‘ಚಾರಾ’ ಎಂದರೆ ಉಪಾಯ, ಪರಿಹಾರ. ಬೇಚಾರಾ ಎಂದರೆ ಉಪಾಯವೇ ಇಲ್ಲದವನು. ಕರುಣೆಯಿಂದ ಆ ಪದ ಆಡಿದಾಗಲೆಲ್ಲ ಉಪಾಯ ಹುಡುಕುವ ಹೊಣೆಯಿಂದ ನಾವು ಜಾರಿಕೊಳ್ಳುತ್ತೇವೆ. ನಾವು ನೋಡಿದ ಚಿತ್ರಗಳಲ್ಲಿ ‘ಸ್ಪರ್ಶ್’ ಶ್ರೇಷ್ಠವಾದದ್ದು. ಆದರೂ ಒಂದು ಮಿತಿಯನ್ನು ಹೇಳಲೇಬೇಕು: ಅನಿರುದ್ಧನ ಕೆಲಸ ಅಂಧರ ಶಾಲೆಯೊಳಗಿನದು. ಆ ಗೇಟು ದಾಟಿ ಕಣ್ಣುಳ್ಳವರ ನಡುವೆ ಅವನು ಸಹೋದ್ಯೋಗಿಯಾಗುವುದನ್ನು ನಾವು ಕಾಣುವುದಿಲ್ಲ.

ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ನೆನೆಯಬೇಕು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು. ಅಂಧ ಮಕ್ಕಳಿಗೆ ಅವರು ಹಂಚಿದ್ದು ಬರೀ ಅನ್ನವಲ್ಲ, ಕಠಿಣ ತಾಲೀಮು. ತಪ್ಪು ಸ್ವರ ಹಚ್ಚಿದವನಿಗೆ ಕಣ್ಣಿಲ್ಲವೆಂದು ರಿಯಾಯಿತಿ ಸಿಗುವ ಜಾಗ ಅದಾಗಿರಲಿಲ್ಲ. ಅಲ್ಲಿಂದ ಹೊರಟವರು ಸಂಗೀತವನ್ನೇ ವೃತ್ತಿಯಾಗಿಸಿಕೊಂಡು ನಾಡಿನಾದ್ಯಂತ ತಲೆಯೆತ್ತಿ ಬದುಕಿದರು. ಆದರೆ ಆಶ್ರಮದ ಸಾಧನೆಯನ್ನು ಸಮಾಜ ತನ್ನ ಸೋಮಾರಿತನಕ್ಕೆ ಬಳಸಿಕೊಂಡಿತು. ಅಂಧನೆಂದರೆ ಹಾರ್ಮೋನಿಯಂ ಎಂದು ತೀರ್ಮಾನಿಸಿ ಮಿಕ್ಕ ಬಾಗಿಲುಗಳನ್ನು ಮುಚ್ಚಿಕೊಂಡಿತು. ಸ್ವರಜ್ಞಾನವಿಲ್ಲದ ಅಂಧ ಎಲ್ಲಿಗೆ ಹೋಗಬೇಕು?

ನಮ್ಮ ಮೊಹಲ್ಲಾಗಳ ಕಥೆಯೂ ಬೇರೆಯಲ್ಲ. ಹಾಫಿಜ್ ಎಂದರೆ ಕುರ್‌ಆನನ್ನು ಪೂರ್ತಿ ಕಂಠಪಾಠ ಮಾಡಿದವರು. ಆದರೆ ಉರ್ದು ಮಾತಿನಲ್ಲಿ ಅಂಧರನ್ನೆಲ್ಲ, ಕಂಠಪಾಠ ಮಾಡಿರಲಿ ಬಿಡಲಿ, ಹಾಫಿಜ್‌ಜಿ ಎಂದು ಕರೆಯುವ ರೂಢಿಯಿದೆ. ಆ ಕಡೆ ಸೂರದಾಸ, ಈ ಕಡೆ ಹಾಫಿಜ್‌ಜಿ. ಮರ್ಯಾದೆಯ ಪದಗಳೇ, ಆದರೆ ಮಗು ಕೇಳುವ ಮೊದಲೇ ಅದರ ವೃತ್ತಿಯನ್ನು ನಿರ್ಧರಿಸಿಬಿಡುತ್ತವೆ. ಪ್ರವಾದಿ(ಸ)ಯವರ ಕಾಲದ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್ ಅಂಧರಾಗಿದ್ದರು. ಅವರು ಮದೀನಾದಲ್ಲಿ ಅಝಾನ್ ಕೊಡುತ್ತಿದ್ದರು. ಪ್ರವಾದಿಯವರು ಊರಿನಿಂದ ಹೊರಗೆ ಹೋದಾಗ ಊರಿನ ಹೊಣೆಯನ್ನು ಅವರಿಗೆ ಒಪ್ಪಿಸಿದ್ದೂ ಉಂಟು. ಈ ಪ್ರಸಂಗವನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ನಮ್ಮ ಶಾದಿಮಹಲಿನ ಲೆಕ್ಕವನ್ನೋ, ಜಮಾಅತಿನ ಕಾರ್ಯದರ್ಶಿ ಹುದ್ದೆಯನ್ನೋ ಅಂಧರೊಬ್ಬರಿಗೆ ಎಂದಾದರೂ ಒಪ್ಪಿಸಿದ್ದೇವೆಯೇ?

ಇನ್ನು 2024ರ ‘ಶ್ರೀಕಾಂತ್’. ಆಂಧ್ರದಲ್ಲಿ ಹುಟ್ಟಿ, ಹತ್ತನೆಯ ತರಗತಿಯ ನಂತರ ವಿಜ್ಞಾನ ಓದಲು ನ್ಯಾಯಾಲಯದ ಮೆಟ್ಟಿಲೇರಿ, ಅಮೆರಿಕದ ಎಂಐಟಿಯಲ್ಲಿ ಓದಿ, ಹೈದರಾಬಾದಿನಲ್ಲಿ ಉದ್ಯಮ ಕಟ್ಟಿದ ಶ್ರೀಕಾಂತ್ ಬೊಲ್ಲಾ ಅವರ ಜೀವನಚಿತ್ರವಿದು. ರಾಜ್‌ಕುಮಾರ್ ರಾವ್ ಅಭಿನಯ ಚೆನ್ನಾಗಿದೆ. ನಾಯಕನ ಅಹಂಕಾರವನ್ನೂ ಮುಚ್ಚಿಡದ ಧೈರ್ಯ ಚಿತ್ರಕ್ಕಿದೆ. ಬೀದಿಯಲ್ಲಿ ಹಾಡುವ ಮೋಹನನಿಂದ ಕಾರ್ಖಾನೆಯ ಒಡೆಯನಾದ ಶ್ರೀಕಾಂತನವರೆಗೆ ಅರವತ್ತು ವರ್ಷಗಳ ದಾರಿ, ಸಂತೋಷವೇ. ಆದರೆ ನಿಜಜೀವನದಲ್ಲಿ ಆ ಉದ್ಯಮದ ಹೆಗ್ಗಳಿಕೆಯೇ ಅದು ಅಂಗವಿಕಲರಿಗೆ ಕೆಲಸ ಕೊಟ್ಟಿದ್ದು. ಚಿತ್ರ ಮುಗಿದಾಗ ಅಂತಹ ಒಬ್ಬ ಕೆಲಸಗಾರನ ಮುಖವೂ ನಮ್ಮ ನೆನಪಿನಲ್ಲಿ ಉಳಿಯಲಿಲ್ಲ. ಬೇಚಾರಾ ಹೋಗಿ ಹೀರೋ ಬಂದ. ಇವರಿಬ್ಬರ ನಡುವೆ, ಒಂಬತ್ತೂವರೆಗೆ ಬಸ್ಸು ಹಿಡಿದು ಕೆಲಸಕ್ಕೆ ಹೋಗುವ, ತಿಂಗಳ ಕೊನೆಗೆ ಕೈಸಾಲ ಕೇಳುವ ಸಾಮಾನ್ಯ ಮನುಷ್ಯ ಇನ್ನೂ ಬಂದಿಲ್ಲ. ಎಂಐಟಿಗೆ ಹೋಗದ ಅಂಧನಿಗೂ ಅನ್ನ ಬೇಕಲ್ಲ?

ಕಾನೂನು ಈ ವಿಷಯದಲ್ಲಿ ಕಲೆಗಿಂತ ಮುಂದಿದೆ. 1995ರ ಕಾಯಿದೆ ಸರ್ಕಾರಿ ನೌಕರಿಯಲ್ಲಿ ಶೇ. 3 ಮೀಸಲು ತಂದಿತು. 2016ರ ಕಾಯಿದೆ ಅದನ್ನು ಶೇ. 4ಕ್ಕೆ ಏರಿಸಿತು, ಗುರುತಿಸಲಾದ ವೈಕಲ್ಯಗಳನ್ನು 7ರಿಂದ 21ಕ್ಕೆ ಹೆಚ್ಚಿಸಿತು. ಇದಕ್ಕಿಂತ ಮುಖ್ಯವಾದುದು ಅದು ಹೇಳುವ ‘ಸಮಂಜಸ ಹೊಂದಾಣಿಕೆ’ಯ ತತ್ವ: ಮನುಷ್ಯನನ್ನು ಕೆಲಸಕ್ಕೆ ಒಗ್ಗಿಸುವಂತೆ, ಕೆಲಸದ ಜಾಗವನ್ನೂ ಮನುಷ್ಯನಿಗೆ ಒಗ್ಗಿಸಬೇಕು. ಅಂಧರನ್ನು ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಅಂಧರು ನ್ಯಾಯಾಧೀಶರಾಗಬಹುದಾದರೆ ಪಟ್ಟಣದ ಕಚೇರಿಯಲ್ಲಿ ಗುಮಾಸ್ತಿಕೆ ಅಸಾಧ್ಯ ಎನ್ನುವುದು ಹೇಗೆ? ಖಾಸಗಿ ವಲಯಕ್ಕೆ ಮಾತ್ರ ಕಡ್ಡಾಯವಿಲ್ಲ. ಶೇ. 5ರಷ್ಟು ಅಂಗವಿಕಲರನ್ನು ಸೇರಿಸಿಕೊಳ್ಳುವವರಿಗೆ ಉತ್ತೇಜನ ಕೊಡುವ ಮಾತಿದೆ, ಅಷ್ಟೇ.

ಅಂಗವಿಕಲ ಹೋಗಿ ವಿಕಲಚೇತನ ಬಂತು, ಆಮೇಲೆ ದಿವ್ಯಾಂಗ ಬಂತು. ಹೆಸರು ಬದಲಾದಷ್ಟು ಬೇಗ ಕುರ್ಚಿ-ಮೇಜು ಬದಲಾಗಲಿಲ್ಲ. ಬದಲಾದ ಕಡೆಗಳೂ ಇಲ್ಲದಿಲ್ಲ. ಬೆಂಗಳೂರಿನ ಎನೇಬಲ್ ಇಂಡಿಯಾ 1999ರಿಂದ ತರಬೇತಿ ಕೊಟ್ಟು ಅಂಗವಿಕಲರನ್ನು ಕಂಪನಿಗಳಿಗೆ ಸೇರಿಸುತ್ತ ಬಂದಿದೆ. ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ 2017ರಲ್ಲಿ ಆರಂಭವಾದ ಮಿಟ್ಟಿ ಕೆಫೆ 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣಕ್ಕೂ ಹೋಯಿತು. ಅಲ್ಲಿ ಚಹಾ ಮಾಡುವವರು, ಬಡಿಸುವವರು ಅಂಗವಿಕಲರೇ. ಇಂತಹ ಕಡೆ ಮೊದಲ ಪ್ರಶ್ನೆ ‘ನಿಮಗೇನು ಆಗುವುದಿಲ್ಲ’ ಎಂದಲ್ಲ, ‘ಈ ಕೆಲಸ ಮಾಡಲು ನಿಮಗೇನು ಬೇಕು’ ಎಂದು.

ನಮ್ಮ ಬ್ಯಾಂಕ್ ಗೆಳೆಯರ ಬದುಕು ಬದಲಾದದ್ದೂ ಆ ಪ್ರಶ್ನೆಯಿಂದಲೇ. ವರ್ಗವಾಗಿ ಬಂದ ಹೊಸ ಮ್ಯಾನೇಜರ್ ಮೊದಲ ದಿನವೇ ಅದನ್ನು ಕೇಳಿದರಂತೆ. ಬೇಕಾಗಿದ್ದು ಒಂದು ಕಂಪ್ಯೂಟರ್, ಒಂದು ಇಯರ್‌ಫೋನ್, ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಒಂದು ತಂತ್ರಾಂಶ. ಎನ್‌ವಿಡಿಎ ಎಂಬ ಅಂತಹ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. 2006ರಲ್ಲಿ ಅದನ್ನು ಬರೆಯಲಾರಂಭಿಸಿದವರು ಆಸ್ಟ್ರೇಲಿಯಾದ ಒಬ್ಬ ಅಂಧ ತರುಣ. ಖರ್ಚಿನ ನೆಪವೂ ಇಲ್ಲಿ ನಿಲ್ಲುವುದಿಲ್ಲ.

ಕಥೆಯನ್ನು ತಿದ್ದಬೇಕೆಂದಿದ್ದೇವೆ ಎಂದು ಮೊನ್ನೆ ಅವರಿಗೆ ಫೋನ್ ಮಾಡಿ ಹೇಳಿದೆವು. ಹಾಫಿಜ್‌ಜಿ ಇನ್ನು ದರ್ಗಾದ ಬಾಗಿಲಲ್ಲಿ ಕೂರುವುದಿಲ್ಲ, ಕಚೇರಿಯಲ್ಲಿ ಲೆಕ್ಕ ಬರೆಯುತ್ತಾರೆ ಎಂದೆವು. ಅವರಿಗೆ ಖುಷಿಯಾಯಿತು. ಆಮೇಲೆ ಸ್ವಲ್ಪ ತಡೆದು ಹೇಳಿದರು: “ಸಾರ್, ಒಂದು ಸಲ ಲೆಕ್ಕ ತಪ್ಪಾಗಲಿ. ಮುತವಲ್ಲಿ ಸಾಹೇಬರು ಎಲ್ಲರೆದುರಿಗೆ ಬೈಯಲಿ. ನನಗೆ ಮೊದಲ ಸಲ ಬ್ಯಾಂಕಲ್ಲಿ ಬೈಗುಳ ಬಿದ್ದ ದಿನ ಮನೆಗೆ ಸಿಹಿ ತಗೊಂಡು ಹೋಗಿದ್ದೆ.”

ಆ ದೃಶ್ಯವನ್ನು ನಾವಿನ್ನೂ ಬರೆದಿಲ್ಲ. ಅಂಧರೊಬ್ಬರು ತಪ್ಪು ಮಾಡುವುದನ್ನು, ಅದಕ್ಕಾಗಿ ಬೈಸಿಕೊಳ್ಳುವುದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆ ಹಿಂಜರಿಕೆಯನ್ನು ಇಷ್ಟು ದಿನ ನಾವು ಒಳ್ಳೆಯತನವೆಂದೇ ತಿಳಿದಿದ್ದೆವು.